ಬೀಜದ ಚೀಲದಿಂದ ಸಂಕರಣದ ತಾಕಿನವರೆಗೆ: ಬೆಳೆಗಳ ತಳಿ ಸಂಪತ್ತನ್ನು ಉಳಿಸಿ ಬಳಸುವ ಬಗೆ

ಸಂಗ್ರಹಿಸಿದ ತಳಿ ಕೈತಪ್ಪುವ ದಾರಿಗಳು ನಾಲ್ಕು. ಬೀಜ ಸಾಯುತ್ತದೆ, ಬೇರೆ ಪರಾಗ ಬೆರೆತು ತಳಿ ಕೆಡುತ್ತದೆ, ಚೀಟಿ ಅದಲುಬದಲಾಗಿ ಗುರುತು ಅಳಿಯುತ್ತದೆ, ಎಲ್ಲ ಸರಿಯಿದ್ದರೂ ಯಾರೂ ಅದನ್ನು ತೆಗೆದು ಬಳಸುವುದಿಲ್ಲ. ಮೊದಲನೆಯದಕ್ಕೆ ಎಲ್ಲರೂ ಹೆದರುತ್ತಾರೆ, ಶೀತಲ ಕೋಣೆಗೆ ಹಣ ಹುಡುಕುತ್ತಾರೆ. ಎರಡನೆಯದೂ ಮೂರನೆಯದೂ ಸದ್ದಿಲ್ಲದೆ ನಡೆದುಹೋಗುತ್ತವೆ. ಮೊಳಕೆ ಪರೀಕ್ಷೆಯಲ್ಲಿ ಅವು ಕಾಣುವುದಿಲ್ಲ, ಒಮ್ಮೆ ಆಗಿಬಿಟ್ಟರೆ ಸರಿಪಡಿಸಲೂ ಬರುವುದಿಲ್ಲ. ಸಣ್ಣ ಬೀಜ ಸಂಗ್ರಹ ನಡೆಸುವವರು ಮತ್ತು ಅಲ್ಲಿಂದ ಬೀಜ ಪಡೆದು ಹೊಸ ತಳಿ ಕಟ್ಟುವವರು ಈ ನಾಲ್ಕನ್ನೂ ತಡೆಯುವುದು ಹೇಗೆ ಎಂಬುದು ಇಲ್ಲಿದೆ.

ಸಂಗ್ರಹಕ್ಕೆ ಹೊರಡುವ ಮುನ್ನ

ಮೊದಲು ಈಗಾಗಲೇ ಯಾರ ಬಳಿ ಏನಿದೆ ಎಂದು ನೋಡಿಕೊಳ್ಳಿ. ಜಗತ್ತಿನ ದೊಡ್ಡ ಬೀಜ ಬ್ಯಾಂಕುಗಳ ಪಟ್ಟಿಗಳು ಜೆನೆಸಿಸ್ ಎಂಬ ಜಾಲತಾಣದಲ್ಲಿ ಒಟ್ಟಿಗೆ ಸಿಗುತ್ತವೆ. ನೀವು ಹುಡುಕುವ ಪ್ರದೇಶದ ಮಾದರಿಗಳು ಅಲ್ಲಿ ಇದ್ದರೆ ಹೊಸದಾಗಿ ಸಂಗ್ರಹಿಸುವ ಬದಲು ತರಿಸಿಕೊಳ್ಳುವುದೇ ಸರಿ. ನಕ್ಷೆಯಲ್ಲಿ ಖಾಲಿ ಬಿದ್ದಿರುವ ಜಾಗಗಳಿಗೆ ಮಾತ್ರ ಹೋಗಿ.

ಅನುಮತಿಯ ಕೆಲಸವನ್ನು ಕೊನೆಗೆ ಇಟ್ಟುಕೊಳ್ಳಬೇಡಿ. 1992ರ ಜೀವವೈವಿಧ್ಯ ಒಪ್ಪಂದ ಮತ್ತು 2010ರ ನಗೋಯಾ ಒಡಂಬಡಿಕೆಯ ಪ್ರಕಾರ ತಳಿ ಸಂಪನ್ಮೂಲದ ಮೇಲೆ ಆಯಾ ದೇಶಕ್ಕೆ ಹಕ್ಕಿದೆ. ಒಪ್ಪಿಗೆ ಪಡೆಯಬೇಕು, ಲಾಭ ಹಂಚಿಕೆಯ ಷರತ್ತು ಮೊದಲೇ ಬರೆದುಕೊಳ್ಳಬೇಕು. ಆಹಾರ ಬೆಳೆಗಳಿಗಾಗಿಯೇ 2001ರಲ್ಲಿ ಅಂಗೀಕಾರವಾಗಿ 2004ರಲ್ಲಿ ಜಾರಿಗೆ ಬಂದ ಅಂತಾರಾಷ್ಟ್ರೀಯ ಒಪ್ಪಂದವೊಂದಿದೆ. ಅದರ ಪಟ್ಟಿಯಲ್ಲಿರುವ ಬೆಳೆಗಳ ಬೀಜ ಒಂದೇ ನಮೂನೆಯ ಕರಾರುಪತ್ರದಡಿ ಓಡಾಡುತ್ತದೆ. ಕಾಗದವಿಲ್ಲದೆ ಬಂದ ಮಾದರಿಯಿಂದ ಒಳ್ಳೆಯ ತಳಿ ಹುಟ್ಟಿದರೂ ಅದನ್ನು ಬಿಡುಗಡೆ ಮಾಡುವ ಹೊತ್ತಿಗೆ ತಕರಾರು ಎದ್ದೇ ಏಳುತ್ತದೆ. ರೈತರ ಒಪ್ಪಿಗೆ ಬೇರೆಯೇ ವಿಷಯ: ಸರಕಾರದ ಕಾಗದ ಕೈಯಲ್ಲಿದ್ದರೂ ಅದನ್ನು ಕೇಳಿಯೇ ಪಡೆಯಬೇಕು.

ಹೊಲದಲ್ಲಿ ಎಷ್ಟು ಗಿಡ, ಎಷ್ಟು ಬೀಜ

ಇಲ್ಲಿ ಲೆಕ್ಕ ಸರಳ. ಒಂದು ಹೊಲದ ಬೆಳೆಯಲ್ಲಿ ನೂರಕ್ಕೆ 5ರಷ್ಟು ಇರುವ ವಂಶವಾಹಿ ರೂಪವೊಂದು ನಿಮ್ಮ ಚೀಲಕ್ಕೆ ಒಮ್ಮೆಯಾದರೂ ಬೀಳುವ ಸಾಧ್ಯತೆ ಶೇ. 95 ಇರಬೇಕಾದರೆ 59 ಲಿಂಗಾಣುಗಳು (ಪರಾಗ ಅಥವಾ ಅಂಡದ ಕಣಗಳು) ಬೇಕು. ಪರಕೀಯ ಪರಾಗಸ್ಪರ್ಶದ, ಅಂದರೆ ಬೇರೆ ಗಿಡದ ಪರಾಗದಿಂದ ಬೀಜ ಕಟ್ಟುವ ಬೆಳೆಯಲ್ಲಿ ಪ್ರತಿ ಗಿಡವೂ ಎರಡು ಬೇರೆ ಲಿಂಗಾಣುಗಳ ಲೆಕ್ಕ ಕೊಡುವುದರಿಂದ ಸುಮಾರು 30 ಗಿಡ ಸಾಕು. ಭತ್ತ, ಗೋಧಿಯಂಥ ಸ್ವಕೀಯ (ತನ್ನದೇ ಪರಾಗದಿಂದ ಬೀಜ ಕಟ್ಟುವ) ಬೆಳೆಯಲ್ಲಿ ಗಿಡದ ಎರಡೂ ಪ್ರತಿ ಹೆಚ್ಚುಕಡಿಮೆ ಒಂದೇ ಆಗಿರುವುದರಿಂದ 59 ಗಿಡ ಬೇಕು. ಹೊಲಕ್ಕೆ 60ರಿಂದ 100 ಗಿಡ ಎಂದು ಇಟ್ಟುಕೊಂಡರೆ ಎರಡಕ್ಕೂ ಆಗುತ್ತದೆ. ಒಂದೇ ಹೊಲದಲ್ಲಿ 500 ಗಿಡ ಬಾಚುವುದಕ್ಕಿಂತ ಬೇರೆ ಬೇರೆ ಹೊಲಗಳಿಂದ ಅರವತ್ತರವತ್ತು ತೆಗೆಯುವುದೇ ಲಾಭ. ಮಣ್ಣು, ಎತ್ತರ, ನೀರು ಬದಲಾದಂತೆ ಹೊಸ ಗುಣಗಳು ಸಿಗುತ್ತವೆ.

ಹೊಲವನ್ನು ಅಡ್ಡಡ್ಡ ದಾಟುತ್ತಾ ನಿಗದಿತ ಹೆಜ್ಜೆಗೊಂದು ಗಿಡದಿಂದ ಸರಿಸುಮಾರು ಸಮನಾಗಿ ಬೀಜ ತೆಗೆಯಿರಿ. ಕಣ್ಣಿಗೆ ಚೆಂದ ಕಂಡ ತೆನೆಗೆ ಕೈ ಹಾಕಬೇಡಿ. ಈ ಚಪಲವನ್ನು ಗೆಲ್ಲುವುದು ತಳಿ ಅಭಿವೃದ್ಧಿಯಲ್ಲಿ ಪಳಗಿದವರಿಗೇ ಹೆಚ್ಚು ಕಷ್ಟ. ವಿಶೇಷವಾದ ಗಿಡ ಕಂಡರೆ ಅದರ ಬೀಜವನ್ನು ಬೇರೆ ಚೀಲಕ್ಕೆ ಹಾಕಿ, ಬೇರೆ ಸಂಖ್ಯೆ ಕೊಡಿ. ಎರಡು ಊರಿನ ಒಂದೇ ಹೆಸರಿನ ತಳಿಯನ್ನೂ ಬೆರೆಸಬೇಡಿ. ಹೆಸರು ಒಂದೇ ಆದರೂ ಒಳಗಿನ ತಳಿ ಬೇರೆ ಇರಬಹುದು. ಕಾಡು ಸಂಬಂಧಿಗಳಾದರೆ ಆ ದಿನ ಮಾಗಿ ನಿಂತಿರುವ ಬೀಜದ ಐದನೇ ಒಂದು ಭಾಗಕ್ಕಿಂತ ಹೆಚ್ಚು ಮುಟ್ಟಬಾರದು.

ಪೂರ್ತಿ ಮಾಗದ ಬೀಜ ಮೊಳಕೆಯೇನೋ ಒಡೆಯುತ್ತದೆ, ಆದರೆ ದೀರ್ಘಕಾಲ ಬಾಳುವುದಿಲ್ಲ. ಅಂಥ ಬೀಜವೇ ಸಿಕ್ಕರೆ ತೆನೆ ಅಥವಾ ಕಾಯಿಯಲ್ಲೇ ಬಿಟ್ಟು, ಗಾಳಿಯಾಡುವ ನೆರಳಿನಲ್ಲಿ ಕೆಲವು ದಿನ ನಿಧಾನವಾಗಿ ಮಾಗಲು ಬಿಡಿ. ಬಟ್ಟೆ ಅಥವಾ ಕಾಗದದ ಚೀಲ ಬಳಸಿ. ಹಸಿ ಬೀಜ ಪ್ಲಾಸ್ಟಿಕ್ ಚೀಲದಲ್ಲಿ ಬೆವೆತು ಬೂಸ್ಟು ಹಿಡಿಯುತ್ತದೆ.

ಎಷ್ಟು ಬೀಜ ಬೇಕು ಎಂಬುದನ್ನು ಮುಂದಿನ ಖರ್ಚು ನೋಡಿ ನಿರ್ಧರಿಸಿ. ಮೊದಲ ಮೊಳಕೆ ಪರೀಕ್ಷೆಗೆ 200. ಆಮೇಲಿನ ಹತ್ತು ಪರೀಕ್ಷೆಗಳಿಗೆ ನೂರರಂತೆ 1,000. ಇಪ್ಪತ್ತು ಮಂದಿಗೆ ಐವತ್ತರಂತೆ ಹಂಚಲು 1,000. ಬೇರೆ ಕಡೆ ಇಡುವ ರಕ್ಷಣಾ ಪ್ರತಿಗೆ 500. ಮೂರು ಸಲ ಮರುಬೆಳೆಸಲು 300. ಒಟ್ಟು 3,000. ಒಳಗೆ ವೈವಿಧ್ಯ ಹೆಚ್ಚಿರುವ ತಳಿಗೆ ಇನ್ನೂ ಹೆಚ್ಚು ಬೇಕು. ಅಷ್ಟು ಸಿಗದಿದ್ದರೆ ಮೊದಲು ಒಮ್ಮೆ ಬೆಳೆಸಿ ಹೆಚ್ಚಿಸಬೇಕಾಗುತ್ತದೆ. ಆದರೆ ಮೂಲ ಬೀಜದ ಒಂದು ಪಾಲನ್ನು ಎಂದಿಗೂ ಬಿತ್ತದೆ ಉಳಿಸಿಕೊಳ್ಳಿ. ಮುಂದೆ ಹೋಲಿಸಿ ನೋಡಲು ಅದೊಂದೇ ಆಧಾರ.

ಮಾಹಿತಿಯಿಲ್ಲದ ಬೀಜ ಧಾನ್ಯವಷ್ಟೇ

ಸಂಗ್ರಹದ ಸ್ಥಳದಲ್ಲೇ ಬರೆಯಬೇಕಾದವು: ನಿಮ್ಮ ಸಂಗ್ರಹ ಸಂಖ್ಯೆ, ದಿನಾಂಕ, ಬೆಳೆಯ ಹೆಸರು, ಸ್ಥಳೀಯರು ಕರೆಯುವ ಹೆಸರು, ಜಿಪಿಎಸ್ ಅಕ್ಷಾಂಶ ಮತ್ತು ರೇಖಾಂಶ, ಎತ್ತರ, ಮಣ್ಣು, ನೀರಾವರಿಯೋ ಮಳೆಯಾಶ್ರಿತವೋ, ಬಿತ್ತುವ ಮತ್ತು ಕೊಯ್ಯುವ ಕಾಲ, ಎಷ್ಟು ಗಿಡಗಳಿಂದ ತೆಗೆದದ್ದು. ಜೊತೆಗೆ ತೆನೆ, ಎಲೆ, ಬೀಜದ ಫೋಟೊ. ಫೋಟೊದಲ್ಲಿ ಸಂಖ್ಯೆಯ ಚೀಟಿ ಕಾಣಬೇಕು. ‘ಈ ತಳಿಯನ್ನು ಇಷ್ಟು ವರ್ಷ ಯಾಕೆ ಬಿಡದೆ ಬೆಳೆದಿರಿ’ ಎಂಬ ಪ್ರಶ್ನೆಯನ್ನು ಬೆಳೆದವರಿಗೆ ಕೇಳಲೇಬೇಕು. ನೀರು ನಿಂತರೂ ತಾಳುತ್ತದೆ, ಹಕ್ಕಿ ಮುಟ್ಟುವುದಿಲ್ಲ, ಹುಲ್ಲು ದನಕ್ಕೆ ರುಚಿ ಎಂಬಂಥ ಉತ್ತರ ಬರುತ್ತದೆ. ಹತ್ತು ವರ್ಷದ ಬಳಿಕ ನೆರೆ ತಾಳುವ ತಳಿ ಹುಡುಕುವವರಿಗೆ ದಾರಿ ತೋರಿಸುವುದು ಆ ಸಾಲೇ.

ಚೀಲದ ಒಳಗೊಂದು, ಹೊರಗೊಂದು ಚೀಟಿ. ಪೆನ್ಸಿಲಿನಲ್ಲಿ ಬರೆಯಿರಿ; ಪೆನ್ನಿನ ಶಾಯಿ ತೇವಕ್ಕೆ ಹರಡುತ್ತದೆ. ಬ್ಯಾಂಕಿಗೆ ಬಂದ ಮೇಲೆ ಕೊಡುವ ಕಾಯಂ ಸಂಖ್ಯೆಯನ್ನು ಇನ್ನೊಂದು ಮಾದರಿಗೆ ಯಾವತ್ತೂ ಮರುಬಳಕೆ ಮಾಡಬಾರದು, ಮೊದಲಿನದು ಸತ್ತುಹೋಗಿದ್ದರೂ ಸಹ.

ಒಣಗಿಸಬಹುದೇ, ಬಾರದೇ?

ಭತ್ತ, ಗೋಧಿ, ಜೋಳ, ರಾಗಿ, ಕಾಳುಗಳು, ಟೊಮೆಟೊ, ಮೆಣಸಿನಕಾಯಿಗಳ ಬೀಜ ಒಣಗಿದಷ್ಟೂ ತಣ್ಣಗಾದಷ್ಟೂ ಹೆಚ್ಚು ಬಾಳುತ್ತದೆ. ಮಾವು, ಹಲಸು, ಕೋಕೋ, ತೆಂಗು ಹಾಗಲ್ಲ, ಒಣಗಿದರೆ ಸಾಯುತ್ತವೆ. ಕಾಫಿ ನಡುವಿನದು, ಒಂದಿಷ್ಟು ಒಣಗಿಸಿದರೆ ತಾಳುತ್ತದೆ, ಫ್ರೀಜರಿನ ಚಳಿ ತಾಳುವುದಿಲ್ಲ. ಗೊತ್ತಿಲ್ಲದ ಬೆಳೆಯಾದರೆ ಹೀಗೆ ಪರೀಕ್ಷಿಸಿ: ತಾಜಾ ಬೀಜದ ಮೊಳಕೆ ನೋಡಿ, ತೇವಾಂಶ ಶೇ. 10-12ಕ್ಕೆ ಇಳಿಸಿ ಮತ್ತೆ ನೋಡಿ, ಶೇ. 5ಕ್ಕೆ ಇಳಿಸಿ ನೋಡಿ, ಅದನ್ನು ಮೈನಸ್ 20 ಡಿಗ್ರಿಯಲ್ಲಿ ಮೂರು ತಿಂಗಳಿಟ್ಟು ಮತ್ತೊಮ್ಮೆ ನೋಡಿ. ಮೊಳಕೆ ಯಾವ ಹಂತದಲ್ಲಿ ಕುಸಿಯಿತೋ ಅದರಿಂದ ಬೀಜದ ಜಾತಿ ತಿಳಿಯುತ್ತದೆ.

ಒಣಗಿಸುವುದು ಮತ್ತು ಮುಚ್ಚುವುದು

ಸ್ಥೂಲವಾದ ಎರಡು ನಿಯಮಗಳಿವೆ. ತೇವಾಂಶ ಶೇ. 5ರಿಂದ 14ರ ನಡುವೆ ಇರುವಾಗ ಅದನ್ನು 1 ಅಂಶ ಇಳಿಸಿದರೆ ಬೀಜದ ಆಯುಸ್ಸು ಇಮ್ಮಡಿಯಾಗುತ್ತದೆ. ಉಷ್ಣತೆಯನ್ನು 5 ಡಿಗ್ರಿ ಸೆಲ್ಸಿಯಸ್ ಇಳಿಸಿದರೂ ಇಮ್ಮಡಿಯಾಗುತ್ತದೆ. ಹಣ ಕಡಿಮೆಯಿದ್ದರೆ ಮೊದಲು ಒಣಗಿಸುವುದಕ್ಕೆ ಖರ್ಚು ಮಾಡಿ, ತಣ್ಣಗಿಡುವುದು ಆಮೇಲೆ. ಚೆನ್ನಾಗಿ ಒಣಗಿಸಿ ಗಾಳಿ ಹೋಗದಂತೆ ಮುಚ್ಚಿದ ಬೀಜ ಕೋಣೆಯ ಉಷ್ಣತೆಯಲ್ಲೂ ವರ್ಷಗಟ್ಟಲೆ ಬಾಳೀತು. ಹಸಿ ಬೀಜವನ್ನು ಫ್ರೀಜರಿಗೆ ಹಾಕಿದರೆ ಒಳಗಿನ ನೀರು ಹೆಪ್ಪುಗಟ್ಟಿ ಭ್ರೂಣ ಒಡೆಯುತ್ತದೆ.

ಆಹಾರ ಮತ್ತು ಕೃಷಿ ಸಂಸ್ಥೆಯ ಮಾನದಂಡದಲ್ಲಿ ಒಣಗಿಸುವ ಕೋಣೆ 5-20 ಡಿಗ್ರಿ, ಸಾಪೇಕ್ಷ ಆರ್ದ್ರತೆ ಶೇ. 10-25. ಅಂಥ ಕೋಣೆ ಇಲ್ಲದವರಿಗೆ ಸಿಲಿಕಾ ಜೆಲ್ ಸಾಕು. ಬೀಜವನ್ನು ತೆಳು ಬಟ್ಟೆ ಚೀಲದಲ್ಲಿ ಹಾಕಿ, ಬೀಜದಷ್ಟೇ ತೂಕದ ಒಣ ಜೆಲ್ ಜೊತೆ ಬಿಗಿ ಮುಚ್ಚಳದ ಗಾಜಿನ ಜಾಡಿಯಲ್ಲಿಡಿ. ಜೆಲ್ ಬಣ್ಣ ತಿರುಗಿದ ಕೂಡಲೆ ಬದಲಿಸಿ. ಬಳಸಿದ್ದನ್ನು ಓವನ್ನಿನಲ್ಲಿ ಸುಮಾರು 110 ಡಿಗ್ರಿಯಲ್ಲಿ ಕೆಲವು ಗಂಟೆ ಕಾಯಿಸಿದರೆ ಮತ್ತೆ ಕೆಲಸಕ್ಕೆ ಬರುತ್ತದೆ. ನೀಲಿ ಬಣ್ಣದ ಜೆಲ್‌ನಲ್ಲಿ ಕೋಬಾಲ್ಟ್ ಕ್ಲೋರೈಡ್ ಇರುತ್ತದೆ, ಅದು ವಿಷ. ಕಿತ್ತಳೆ ಬಣ್ಣದ್ದನ್ನೇ ಕೊಳ್ಳಿ. ಬಿರುಬಿಸಿಲಿನಲ್ಲಿ ಒಣಗಿಸಿದ ಬೀಜ ಒಣಗುತ್ತದೆ ನಿಜ, ಆದರೆ ಒದ್ದೆ ಬೀಜ ಬಿಸಿಯಾದಾಗಲೇ ಆಯುಸ್ಸಿನ ದೊಡ್ಡ ಪಾಲು ಹೋಗಿಬಿಟ್ಟಿರುತ್ತದೆ.

ಎಷ್ಟು ಒಣಗಿತು ಎಂದು ತಕ್ಕಡಿಯಲ್ಲೇ ತಿಳಿಯಬಹುದು. ಆರಂಭದ ತೂಕವನ್ನು, ನೂರರಿಂದ ಆರಂಭದ ತೇವಾಂಶ ಕಳೆದ ಸಂಖ್ಯೆಯಿಂದ ಗುಣಿಸಿ, ನೂರರಿಂದ ಬೇಕಾದ ತೇವಾಂಶ ಕಳೆದ ಸಂಖ್ಯೆಯಿಂದ ಭಾಗಿಸಿ. ಶೇ. 14 ತೇವಾಂಶದ 500 ಗ್ರಾಂ ಬೀಜ ಶೇ. 6ಕ್ಕೆ ಇಳಿಯಬೇಕಾದರೆ 500 × 86 ÷ 94, ಅಂದರೆ 457 ಗ್ರಾಂ ತೂಗಬೇಕು. ಆರಂಭದ ತೇವಾಂಶ ಅಳೆಯಲು ಸ್ವಲ್ಪ ಬೀಜವನ್ನು ತೂಗಿ 103 ಡಿಗ್ರಿಯ ಓವನ್ನಿನಲ್ಲಿ 17 ಗಂಟೆ ಇಟ್ಟು ಮತ್ತೆ ತೂಗಿ; ದೊಡ್ಡ ಬೀಜವನ್ನು ಮೊದಲು ಪುಡಿ ಮಾಡಿಕೊಳ್ಳಬೇಕು. ಒಂದು ಮಾತು ನೆನಪಿಡಿ: ಶೇಂಗಾ, ಎಳ್ಳಿನಂಥ ಎಣ್ಣೆಕಾಳು ಅದೇ ಒಣ ಗಾಳಿಯಲ್ಲಿ ಧಾನ್ಯಕ್ಕಿಂತ ಕಡಿಮೆ ನೀರು ಹಿಡಿದುಕೊಳ್ಳುತ್ತದೆ. ಧಾನ್ಯಕ್ಕೆ ಶೇ. 6 ಸರಿಯಾದ ಒಣಗು. ಎಣ್ಣೆಕಾಳಿಗೆ ಅದೇ ಶೇ. 6 ಅಂದರೆ ಇನ್ನೂ ಹಸಿ ಎಂದೇ ಅರ್ಥ, 3-4ಕ್ಕೆ ಇಳಿಯಬೇಕು.

ಅಲ್ಯೂಮಿನಿಯಂ ಪದರವಿರುವ ಪೊಟ್ಟಣದಲ್ಲಿ ಹಾಕಿ ಬಿಸಿ ಪಟ್ಟಿಯಿಂದ ಮುಚ್ಚಿ. ಭತ್ತದ ಮುಳ್ಳು, ಚೂಪು ತುದಿಗಳು ಪೊಟ್ಟಣಕ್ಕೆ ಸೂಜಿ ತೂತು ಮಾಡುತ್ತವೆ. ಅಂಥ ಬೀಜಕ್ಕೆ ಒಳಗೊಂದು ಕಾಗದದ ಕವರ್ ಹಾಕಿ. ದೀರ್ಘಕಾಲದ ಸಂಗ್ರಹ ಮೈನಸ್ 18 ಡಿಗ್ರಿ, ದಿನನಿತ್ಯ ಹಂಚುವ ಸಂಗ್ರಹ 5-10 ಡಿಗ್ರಿ. ಫ್ರೀಜರಿನಿಂದ ತೆಗೆದ ಪೊಟ್ಟಣವನ್ನು ಕೂಡಲೆ ಕತ್ತರಿಸಬಾರದು. ಕೋಣೆಯ ಉಷ್ಣತೆಗೆ ಬರುವವರೆಗೆ, ಒಳ್ಳೆಯದು ರಾತ್ರಿಯಿಡೀ, ಮುಚ್ಚಿದಂತೆಯೇ ಇಡಿ. ಇಲ್ಲದಿದ್ದರೆ ತಣ್ಣನೆಯ ಬೀಜದ ಮೇಲೆ ಗಾಳಿಯ ನೀರು ಕೂತು, ಅಷ್ಟು ದಿನ ಒಣಗಿಸಿದ್ದು ಹತ್ತೇ ನಿಮಿಷದಲ್ಲಿ ವ್ಯರ್ಥವಾಗುತ್ತದೆ.

ರಕ್ಷಣಾ ಪ್ರತಿ ಅದೇ ಕಟ್ಟಡದ ಇನ್ನೊಂದು ಫ್ರೀಜರಿನಲ್ಲಿದ್ದರೆ ಅದು ಪ್ರತಿಯಲ್ಲ. ಸಿರಿಯಾದ ಅಲೆಪ್ಪೊ ಬಳಿ ಇದ್ದ, ಒಣನಾಡಿನ ಕೃಷಿ ಸಂಶೋಧನೆಯ ಅಂತಾರಾಷ್ಟ್ರೀಯ ಸಂಸ್ಥೆ ಇಕಾರ್ಡಾದ ಬೀಜ ಬ್ಯಾಂಕ್ ಯುದ್ಧದಿಂದ ಕೈಗೆ ಸಿಗದಂತಾದಾಗ, ಆ ಸಂಸ್ಥೆ ನಾರ್ವೆಯಲ್ಲಿ 2008ರಲ್ಲಿ ತೆರೆದ ಸ್ವಾಲ್ಬಾರ್ಡ್ ಬೀಜ ಭಂಡಾರದಿಂದ 2015ರಲ್ಲಿ ತನ್ನ ಪ್ರತಿಗಳನ್ನು ಹಿಂತೆಗೆದು ಬೇರೆ ದೇಶಗಳಲ್ಲಿ ಮರುಬೆಳೆಸಿತು. ಇಟ್ಟ ಪೆಟ್ಟಿಗೆ ಅಲ್ಲಿ ಇಟ್ಟವರದ್ದೇ, ಬೇರೆಯವರು ತೆರೆಯುವಂತಿಲ್ಲ.

ಜೀವ ಇದೆಯೇ ಎಂದು ನೋಡುವುದು

ಮೊದಲ ಪರೀಕ್ಷೆಗೆ 200 ಬೀಜ. 50 ಸಾಕಲ್ಲವೇ ಎಂದು ಕೇಳುವವರಿಗೆ ಉತ್ತರ ಇದು: ನಿಜವಾದ ಮೊಳಕೆ ಶೇ. 85 ಇದ್ದರೆ, 50 ಬೀಜದ ಪರೀಕ್ಷೆ ಸುಮಾರು 75ರಿಂದ 95ರವರೆಗೆ ಏನನ್ನೂ ತೋರಿಸಬಹುದು. 200ರಲ್ಲಿ ಆ ಅಂತರ 80ರಿಂದ 90ಕ್ಕೆ ಇಳಿಯುತ್ತದೆ. ಮೊಳಕೆ ಆರಂಭದ ಮಟ್ಟದ ಶೇ. 85ಕ್ಕಿಂತ ಕೆಳಗೆ ಬಿದ್ದರೆ ಮರುಬೆಳೆಸುವ ಹೊತ್ತು ಬಂದಿದೆ ಎಂದು ತಿಳಿಯಿರಿ. ಇನ್ನೂ ಕಾಯ್ದರೆ ಸತ್ತ ಬೀಜಗಳ ಜೊತೆ ಬೇಗ ಸಾಯುವ ಗಿಡವಂಶಗಳೂ ಹೋಗುತ್ತವೆ, ಉಳಿಯುವುದು ಆಯ್ದುಕೊಂಡ ತಳಿ. ಈರುಳ್ಳಿ, ಸೋಯಾ, ಶೇಂಗಾ ಬೇಗ ಮುಪ್ಪಾಗುವ ಬೀಜಗಳು. ಇವನ್ನು ಐದು ವರ್ಷಕ್ಕೊಮ್ಮೆ, ಧಾನ್ಯಗಳನ್ನು ಹತ್ತು ವರ್ಷಕ್ಕೊಮ್ಮೆ ನೋಡಿ.

ಮೊಳೆಯದ ಬೀಜವೆಲ್ಲ ಸತ್ತದ್ದಲ್ಲ. ಕಾಡು ಭತ್ತದಲ್ಲಿ ಸುಪ್ತಾವಸ್ಥೆ ಬಲವಾಗಿರುತ್ತದೆ. 50 ಡಿಗ್ರಿ ಒಣ ಶಾಖದಲ್ಲಿ ಕೆಲವು ದಿನ ಇಟ್ಟರೆ ಸಡಿಲುತ್ತದೆ. ಕಾಳುಗಳಲ್ಲಿ ಗಟ್ಟಿ ಸಿಪ್ಪೆ ನೀರು ಒಳಗೆ ಬಿಡುವುದಿಲ್ಲ. ಬೇರು ಮೂಡುವ ಕಡೆಯ ಎದುರು ಬದಿಯಲ್ಲಿ ಚೂರು ಸಿಪ್ಪೆ ಕತ್ತರಿಸಿ. ಇನ್ನೊಂದು ಕಡೆ, ಶೇ. 5 ತೇವಾಂಶದ ಕಾಳನ್ನು ನೇರ ಒದ್ದೆ ಕಾಗದದ ಮೇಲಿಟ್ಟರೆ ನೀರು ರಭಸದಿಂದ ನುಗ್ಗಿ ಬೀಜದಳಗಳು ಒಡೆಯುತ್ತವೆ. ನೀರಿನ ಮೇಲೆ ತೂಗುಬಿಟ್ಟ ಜಾಲರಿಯಲ್ಲಿ ಮುಚ್ಚಿದ ಡಬ್ಬದೊಳಗೆ ಒಂದು ದಿನವಿಟ್ಟು, ತೇವದ ಗಾಳಿ ಕುಡಿಸಿ ಆಮೇಲೆ ಪರೀಕ್ಷಿಸಿ.

ಮರುಬೆಳೆಸುವುದು: ತಳಿ ಕೆಡುವುದು ಇಲ್ಲೇ

ಇಡೀ ಕೆಲಸದಲ್ಲಿ ಅತ್ಯಂತ ಅಪಾಯದ ಹಂತ ಇದು. ಬೀಜ ಚೆನ್ನಾಗಿ ಒಣಗಿಸಿಡುವುದರ ನಿಜವಾದ ಲಾಭವೂ ಇಲ್ಲೇ: ಎಷ್ಟು ಕಡಿಮೆ ಸಲ ಬೆಳೆಸುತ್ತೀರೋ ತಳಿ ಅಷ್ಟು ಮೂಲದಂತೆ ಉಳಿಯುತ್ತದೆ.

ಮೊದಲ ಶತ್ರು ಸಣ್ಣ ಸಂಖ್ಯೆ. ಪರಕೀಯ ಬೆಳೆಯಲ್ಲಿ ಪ್ರತಿ ಪೀಳಿಗೆಯಲ್ಲೂ ವೈವಿಧ್ಯದ ಒಂದು ಪಾಲು ಹೋಗುತ್ತದೆ. ಆ ಪಾಲು, ಒಂದನ್ನು ಪರಿಣಾಮಕಾರಿ ಗಿಡಸಂಖ್ಯೆಯ (ಮುಂದಿನ ಪೀಳಿಗೆಗೆ ನಿಜವಾಗಿ ಪಾಲು ಕೊಡುವ ಗಿಡಗಳ ಲೆಕ್ಕದ) ಎರಡರಷ್ಟರಿಂದ ಭಾಗಿಸಿದಷ್ಟು. ಹತ್ತು ಗಿಡವಾದರೆ ಪ್ರತಿ ಸಲ ಶೇ. 5, ಐದು ಸಲ ಬೆಳೆಸಿದರೆ ಮೂಲದ ಶೇ. 77 ಮಾತ್ರ ಉಳಿದಿರುತ್ತದೆ. ನೂರು ಗಿಡವಾದರೆ ಐದು ಸಲದ ನಂತರವೂ ಶೇ. 97ಕ್ಕಿಂತ ಹೆಚ್ಚು ಇರುತ್ತದೆ. ಇನ್ನೊಂದು ಉಪಾಯಕ್ಕೆ ಕಾಸು ಖರ್ಚಿಲ್ಲ: ಎಲ್ಲ ಗಿಡದ ಬೀಜವನ್ನು ರಾಶಿ ಹಾಕಿ ಒಂದು ಹಿಡಿ ತೆಗೆಯುವ ಬದಲು ಪ್ರತಿ ಗಿಡದಿಂದಲೂ ಎಣಿಸಿ ಸಮನಾದ ಬೀಜ ತೆಗೆಯಿರಿ. ಪರಾಗ ಕೊಡುವ ಗಿಡಗಳ ಪಾಲೂ ಸಮನಾಗಿದ್ದರೆ ಪರಿಣಾಮಕಾರಿ ಸಂಖ್ಯೆ ಹೆಚ್ಚುಕಡಿಮೆ ಇಮ್ಮಡಿಯಾಗುತ್ತದೆ. ರಾಶಿಯಿಂದ ತೆಗೆದಾಗ ಹೆಚ್ಚು ಇಳುವರಿಯ ನಾಲ್ಕು ಗಿಡಗಳೇ ಮುಂದಿನ ಪೀಳಿಗೆಯನ್ನು ತುಂಬಿಬಿಡುತ್ತವೆ.

ಎರಡನೆಯದು ಪರಾಗ. ಇದನ್ನು ಬೆಳೆಯಿಂದ ಬೆಳೆಗೆ ಬೇರೆ ರೀತಿ ತಡೆಯಬೇಕು.

ಮೆಕ್ಕೆಜೋಳದಲ್ಲಿ ಕನಿಷ್ಠ 100 ತೆನೆ ಸಿಗುವಂತೆ ನೆಡಿ. ರೇಷ್ಮೆ ಎಳೆ ಹೊರಬರುವ ಮುಂಚೆಯೇ ತೆನೆಗೆ ಸಣ್ಣ ಚೀಲ ಹಾಕಿ. ಒಂದು ಎಳೆ ಕಂಡರೂ ತಡವಾಯಿತು, ಆ ತೆನೆ ಬಿಡಿ. ಗಂಡು ಹೂಗೊಂಚಲಿಗೆ ಹಿಂದಿನ ದಿನವೇ ಕಾಗದದ ಚೀಲ ಕಟ್ಟಿದರೆ ಅದರ ಮೇಲೆ ಕೂತಿದ್ದ ಬೇರೆ ಗಿಡದ ಪರಾಗ ರಾತ್ರಿ ಕಳೆಯುವುದರೊಳಗೆ ಸಾಯುತ್ತದೆ. ಬೆಳಗ್ಗೆ ಇಬ್ಬನಿ ಆರಿದ ಮೇಲೆ ಗೊಂಚಲನ್ನು ಚೀಲದೊಳಗೇ ಅಲುಗಿಸಿ ಪರಾಗ ಹಿಡಿದು, ಬೇರೊಂದು ಗಿಡದ ತೆನೆಗೆ ಸುರಿದು ಕೂಡಲೆ ಮುಚ್ಚಿ. ಒಂದು ಗಂಡಿನ ಪರಾಗ ಒಂದೇ ತೆನೆಗೆ. ಅದೇ ಗಿಡದ ಪರಾಗ ಅದರದೇ ತೆನೆಗೆ ಬಿದ್ದರೆ ಮುಂದಿನ ಪೀಳಿಗೆ ಕುಗ್ಗಿ ಸೊರಗುತ್ತದೆ. ಬೇಗ ಹೂ ಬಿಡುವವು ಮತ್ತು ತಡವಾಗಿ ಬಿಡುವವು ಎರಡೂ ಒಳಗೊಳ್ಳುವಂತೆ ದಿನಗಳನ್ನು ಹರಡಿಕೊಳ್ಳಿ. ಮೂರೇ ದಿನದಲ್ಲಿ ಕೆಲಸ ಮುಗಿಸಿದರೆ ತಳಿಯ ಹೂ ಬಿಡುವ ಕಾಲವನ್ನೇ ಬದಲಿಸಿದಂತೆ.

ಸಜ್ಜೆಯಲ್ಲಿ ಅಕ್ಕಪಕ್ಕದ ಬೇರೆ ಬೇರೆ ಗಿಡಗಳ ಮೂರು-ನಾಲ್ಕು ತೆನೆಗಳನ್ನು ಒಂದೇ ಚೀಲದೊಳಗೆ ಸೇರಿಸಿ ಕಟ್ಟುವುದು ಸುಲಭ. ಜೋಳ ಹೆಚ್ಚಾಗಿ ಸ್ವಕೀಯವಾದರೂ ಪರಾಗ ಹಾಯುತ್ತದೆ, ಹೂವರಳುವ ಮುನ್ನ ತೆನೆಗೆ ಚೀಲ ಹಾಕಿ. ತೊಗರಿ, ಬದನೆ, ಮೆಣಸಿನಕಾಯಿಗೆ ಜೇನ್ನೊಣ ಬರುತ್ತದೆ. ಜಾಲರಿ ಪರದೆಯ ಗೂಡು ಬೇಕು. ಕುಂಬಳ, ಹೀರೆಯಲ್ಲಿ ಮರುದಿನ ಅರಳಲಿರುವ ಗಂಡು ಮತ್ತು ಹೆಣ್ಣು ಹೂಗಳಿಗೆ ಹಿಂದಿನ ದಿನವೇ ಕ್ಲಿಪ್ ಹಾಕಿಟ್ಟು, ಅರಳುವ ಹೊತ್ತಿಗೆ ತೆಗೆದು ಕೈಯಿಂದ ಪರಾಗ ಸವರಿ ಮತ್ತೆ ಮುಚ್ಚಬೇಕು. ಭತ್ತ, ಗೋಧಿಗೆ ತಾಕುಗಳ ನಡುವೆ ಮೂರು ಮೀಟರ್ ಅಂತರ ಸಾಕು. ಅಲ್ಲಿ ಪರಾಗಕ್ಕಿಂತ ಕಣದಲ್ಲಿ ಬೆರೆಯುವ ಕಾಳಿನದೇ ಚಿಂತೆ.

ಮೂರನೆಯದು ಬೆರಕೆ. ಹಿಂದಿನ ಹಂಗಾಮಿನಲ್ಲಿ ಅದೇ ಬೆಳೆ ಇದ್ದ ಜಾಗದಲ್ಲಿ ಬೇಡ. ಉದುರಿದ ಕಾಳು ತಾನಾಗಿ ಹುಟ್ಟಿ ಸಾಲಿನಲ್ಲಿ ನಿಲ್ಲುತ್ತದೆ. ಒಂದೇ ರೀತಿ ಕಾಣುವ ಎರಡು ಮಾದರಿಗಳನ್ನು ಪಕ್ಕಪಕ್ಕ ನೆಡಬೇಡಿ. ಬೇರೆ ಬಣ್ಣ, ಬೇರೆ ಎತ್ತರದವು ಪಕ್ಕದಲ್ಲಿದ್ದರೆ ತಪ್ಪು ತಾನೇ ಎದ್ದು ಕಾಣುತ್ತದೆ. ಕೈಯಿಂದ ಬಡಿದು, ಒಂದು ಮಾದರಿಯ ಕೆಲಸ ಮುಗಿಸಿ ಚೀಲ ಕಟ್ಟಿದ ಮೇಲೆಯೇ ಇನ್ನೊಂದನ್ನು ಮುಟ್ಟಿ.

ಹೂ ಬಿಟ್ಟಾಗ ಮತ್ತು ಕೊಯ್ಲಿನಲ್ಲಿ ಹಳೆಯ ಫೋಟೊ, ಮೂಲ ಬೀಜದ ಪೊಟ್ಟಣ ಹಿಡಿದು ಹೋಲಿಸಿ. ಬೇರೆಯದೇ ಎಂದು ಖಚಿತವಾದ ಗಿಡ ಕೀಳಿ. ಆದರೆ ನಾಟಿ ತಳಿಯಲ್ಲಿ ಸ್ವಲ್ಪ ಎತ್ತರ, ಸ್ವಲ್ಪ ಗಿಡ್ಡ, ಎರಡು ಬಣ್ಣದ ಕಾಳು ಇರುವುದು ಅದರ ಸ್ವಭಾವ. ಬೀಜೋತ್ಪಾದನೆಯಲ್ಲಿ ಮಾಡುವಂತೆ ಒಂದೇ ಸಮ ಕಾಣುವವನ್ನಷ್ಟೇ ಉಳಿಸಿ ಉಳಿದದ್ದನ್ನು ಕಿತ್ತರೆ, ಸಂಗ್ರಹಿಸಲು ಹೋದದ್ದನ್ನೇ ಎಸೆದಂತಾಗುತ್ತದೆ.

ಬೀಜದಲ್ಲಿ ಉಳಿಯದವು

ಬಾಳೆ, ಗೆಣಸು, ಮರಗೆಣಸು, ಕಬ್ಬು, ಮಾವು, ಹಲಸು ತೋಟದ ಸಂಗ್ರಹದಲ್ಲೇ ಉಳಿಯಬೇಕು. ಒಂದು ಬಿರುಗಾಳಿ, ಒಂದು ಬಾಡುರೋಗ ಸಾಕು ಎಲ್ಲ ಹೋಗಲು. ಆದ್ದರಿಂದ ಎರಡು ದೂರದ ಜಾಗಗಳಲ್ಲಿ, ಪ್ರತಿ ತಳಿಯ ಹಲವು ಗಿಡ ಇರಲಿ, ಮತ್ತು ನಕ್ಷೆ ಕಾಗದದಲ್ಲಿರಲಿ. ಗಿಡಕ್ಕೆ ಕಟ್ಟಿದ ಚೀಟಿ ಮೊದಲ ಮಳೆಗಾಲ ದಾಟುವುದಿಲ್ಲ. ಅಂಗಾಂಶ ಕೃಷಿಯಲ್ಲಿ ಕಡಿಮೆ ಉಷ್ಣತೆ, ಮಂದ ಬೆಳಕು ಕೊಟ್ಟು ಬೆಳವಣಿಗೆಯನ್ನು ನಿಧಾನಿಸಿ ಮರುನಾಟಿಯ ಅಂತರ ಹಿಗ್ಗಿಸಬಹುದು, ಆದರೆ ಪದೇ ಪದೇ ಕತ್ತರಿಸಿದಷ್ಟೂ ರೂಪಾಂತರ ಹೊಂದಿದ ಗಿಡಗಳು ಹುಟ್ಟುತ್ತವೆ. ಮೈನಸ್ 196 ಡಿಗ್ರಿಯ ದ್ರವ ಸಾರಜನಕದಲ್ಲಿ ಕುಡಿಯ ತುದಿಯನ್ನು ಇಡುವುದು ಕೊನೆಯ ಭದ್ರತೆ. ಅದಕ್ಕೆ ಪಳಗಿದ ಪ್ರಯೋಗಾಲಯ ಬೇಕು.

ಸಾವಿರಾರು ಪೊಟ್ಟಣಗಳಲ್ಲಿ ಬೇಕಾದದ್ದು ಯಾವುದು?

ಇನ್ನು ಬಳಸುವವರ ಕಡೆ. 1984ರಲ್ಲಿ ವಿಜ್ಞಾನಿಗಳಾದ ಫ್ರಾಂಕೆಲ್ ಮತ್ತು ಬ್ರೌನ್ ಮುಂದಿಟ್ಟ ‘ಕೋರ್ ಸಂಗ್ರಹ’ದ ಯೋಚನೆಯಲ್ಲಿ ಇಡೀ ಸಂಗ್ರಹದ ಸುಮಾರು ಶೇ. 10ರಷ್ಟು ಮಾದರಿಗಳು ವೈವಿಧ್ಯದ ಬಹುಪಾಲನ್ನು ಪ್ರತಿನಿಧಿಸುತ್ತವೆ. ಆಮೇಲೆ ಬಂದ ‘ಮಿನಿ ಕೋರ್’ ಇನ್ನೂ ಚಿಕ್ಕದು, ಒಟ್ಟಿನ ಶೇ. 1. ಇಳುವರಿ, ಹೂ ಬಿಡುವ ಕಾಲ, ಕಾಳಿನ ಗಾತ್ರದಂಥ ಎಲ್ಲೆಡೆ ಹರಡಿರುವ ಗುಣಗಳಿಗೆ ಇಲ್ಲಿಂದ ಆರಂಭಿಸುವುದು ಜಾಣತನ. ಅಪರೂಪದ ರೋಗ ನಿರೋಧಕತೆಗೆ ಕೋರ್ ನಂಬಬೇಡಿ, ಅಂಥ ವಂಶವಾಹಿ ಆ ಹತ್ತರಲ್ಲಿ ಇಲ್ಲದೆಯೇ ಇರಬಹುದು. ಅದಕ್ಕೆ ಹುಟ್ಟಿದ ಜಾಗದ ಜಾಡು ಹಿಡಿಯಿರಿ: ಉಪ್ಪು ಮಣ್ಣು, ನೀರು ನಿಲ್ಲುವ ತಗ್ಗು, ಆ ರೋಗ ವರ್ಷವರ್ಷವೂ ಕಾಡುವ ಕಣಿವೆಗಳಿಂದ ಬಂದ ಮಾದರಿಗಳನ್ನು ಜಿಪಿಎಸ್ ಮತ್ತು ಹವಾಮಾನದ ದತ್ತಾಂಶದಿಂದ ಶೋಧಿಸಿ. ಸಂಗ್ರಹದ ದಿನ ಬರೆದಿಟ್ಟ ಸಾಲುಗಳು ಫಲ ಕೊಡುವುದು ಆಗಲೇ.

ಭತ್ತದ ಗಿಡವನ್ನು ಕುಳ್ಳಾಗಿಸುವ ಹುಲ್ಲುಕುಳ್ಳು ನಂಜುರೋಗಕ್ಕೆ (ಗ್ರಾಸಿ ಸ್ಟಂಟ್ ವೈರಸ್) ನಿರೋಧಕತೆ ಹುಡುಕಿ ಅಂತಾರಾಷ್ಟ್ರೀಯ ಭತ್ತ ಸಂಶೋಧನಾ ಸಂಸ್ಥೆ 6 ಸಾವಿರಕ್ಕೂ ಹೆಚ್ಚು ಮಾದರಿ ಪರೀಕ್ಷಿಸಿದಾಗ ಸಿಕ್ಕಿದ್ದು ಒರೈಜಾ ನಿವಾರ ಎಂಬ ಕಾಡು ಭತ್ತದ ಒಂದೇ ಒಂದು ಮಾದರಿ. ಅದರಲ್ಲೂ ಎಲ್ಲ ಗಿಡಗಳೂ ನಿರೋಧಕವಾಗಿರಲಿಲ್ಲ, ಕೆಲವೇ ಇದ್ದವು. ಆ ಮಾದರಿಯಿಂದ ಐದೇ ಗಿಡ ಪರೀಕ್ಷಿಸಿದ್ದರೆ ಗುಣ ತಪ್ಪಿಹೋಗುತ್ತಿತ್ತು. ಅದಕ್ಕೇ ಒಂದು ಮಾದರಿಗೆ ಕನಿಷ್ಠ 20-30 ಗಿಡ ನೋಡಿ, ಉಳಿದುಕೊಂಡ ಗಿಡದ ಬೀಜವನ್ನು ಪ್ರತ್ಯೇಕ ವಂಶವಾಗಿ ಬೆಳೆಸಿ, ಅದಕ್ಕೆ ಮೂಲ ಸಂಖ್ಯೆಯ ಜೊತೆ ಹೊಸ ಉಪಸಂಖ್ಯೆ ಕೊಡಿ. ಬ್ಯಾಂಕಿನಿಂದ ಅದೇ ಸಂಖ್ಯೆಯ ಪೊಟ್ಟಣ ಮತ್ತೆ ತರಿಸಿದರೆ ಆ ಗುಣ ಸಿಗುತ್ತದೆಂಬ ಭರವಸೆ ಇಲ್ಲ.

ರೂಪ ನೋಡಿ ಮಾದರಿ ಬಿಡುವುದೂ ತಪ್ಪು. 1948ರಲ್ಲಿ ಟರ್ಕಿಯಲ್ಲಿ ಅಮೆರಿಕದ ಸಸ್ಯವಿಜ್ಞಾನಿ ಜ್ಯಾಕ್ ಹಾರ್ಲನ್ ಸಂಗ್ರಹಿಸಿದ ಪಿಐ 178383 ಎಂಬ ಸಂಖ್ಯೆಯ ಗೋಧಿ ತೆಳ್ಳನೆಯ ಕಾಂಡದ್ದು, ನೆಲಕ್ಕೆ ಒರಗುವಂಥದ್ದು, ಚಳಿ ತಾಳದ್ದು. ವರ್ಷಗಟ್ಟಲೆ ಯಾರೂ ಅದರತ್ತ ನೋಡಲಿಲ್ಲ. 1960ರ ದಶಕದಲ್ಲಿ ಅಮೆರಿಕದಲ್ಲಿ ಹಳದಿ ತುಕ್ಕು ಉಲ್ಬಣಿಸಿದಾಗ ಅದಕ್ಕೆ ಮತ್ತು ಹಲವು ಕಾಡಿಗೆ ರೋಗದ ತಳಿಗಳಿಗೆ ನಿರೋಧಕತೆ ಇದ್ದದ್ದು ಇದರಲ್ಲೇ.

ಸಾಲು ಸಾಲು ಮಾದರಿ ನೋಡುವಾಗ ಎಲ್ಲಕ್ಕೂ ಪುನರಾವರ್ತನೆ ಸಾಧ್ಯವಿಲ್ಲ. ಮಾದರಿಗಳನ್ನು ಒಮ್ಮೊಮ್ಮೆ ನೆಟ್ಟು, ಮೂರು-ನಾಲ್ಕು ಹೋಲಿಕೆ ತಳಿಗಳನ್ನು ಮಾತ್ರ ಪ್ರತಿ ಬ್ಲಾಕಿನಲ್ಲೂ ಮತ್ತೆ ಮತ್ತೆ ಇಡಿ. ಮಣ್ಣಿನ ವ್ಯತ್ಯಾಸವನ್ನು ಅವುಗಳಿಂದ ಕಳೆಯಬಹುದು. ರೋಗ ಪರೀಕ್ಷೆಯಲ್ಲಿ ಹತ್ತು ಸಾಲಿಗೊಂದು ರೋಗಕ್ಕೆ ಸುಲಭವಾಗಿ ತುತ್ತಾಗುವ ತಳಿ ಇರಲೇಬೇಕು. ಅದೇ ಹಸಿರಾಗಿ ನಿಂತಿದ್ದರೆ ಆ ವರ್ಷದ ‘ನಿರೋಧಕ’ ಪಟ್ಟಿಯನ್ನು ಹರಿದು ಹಾಕಿ. ರೋಗ ಬಂದೇ ಇಲ್ಲ.

ಕಾಡಿನ ಗುಣವನ್ನು ಬೆಳೆಗೆ ತರುವುದು

ನೇರವಾಗಿ ಬೆರೆಯುವ ತಳಿಗಳು ಮೊದಲ ವಂಶವಾಹಿ ಕೂಟ. ಕಷ್ಟಪಟ್ಟರೆ ಬೆರೆಯುವವು ಎರಡನೆಯದು. ಭ್ರೂಣ ರಕ್ಷಣೆಯಂಥ (ಎಳೆಯ ಭ್ರೂಣವನ್ನು ತೆಗೆದು ಕೃತಕ ಮಾಧ್ಯಮದಲ್ಲಿ ಬೆಳೆಸುವ) ತಂತ್ರವಿಲ್ಲದೆ ಬೆರೆಯದವು ಮೂರನೆಯದು. ಹಾರ್ಲನ್ ಮತ್ತು ಡಿ ವೆಟ್ 1971ರಲ್ಲಿ ಮಾಡಿದ ಈ ವಿಂಗಡಣೆ ಈಗಲೂ ಕೆಲಸಕ್ಕೆ ಬರುತ್ತದೆ. ಮೊದಲ ಕೂಟದಲ್ಲಿ ಗುಣ ಸಿಕ್ಕಿದರೆ ಮುಂದಕ್ಕೆ ಹೋಗಬೇಡಿ, ಒಂದೊಂದು ಮೆಟ್ಟಿಲಿಗೂ ವರ್ಷಗಳು ಸೇರುತ್ತವೆ.

ಒಂದೇ ಪ್ರಬಲ ವಂಶವಾಹಿ (ಒಂದು ಪ್ರತಿ ಇದ್ದರೂ ಗುಣ ತೋರುವಂಥದ್ದು) ತರಬೇಕಾದರೆ ಹಿಮ್ಮುಖ ಸಂಕರಣ, ಅಂದರೆ ಸಂಕರಣದ ಗಿಡವನ್ನು ಉತ್ತಮ ತಳಿಯೊಂದಿಗೇ ಮತ್ತೆ ಮತ್ತೆ ಬೆರೆಸುವುದು. ಉತ್ತಮ ತಳಿಗೆ ಮತ್ತೆ ಮತ್ತೆ ಸೇರಿಸಿದಂತೆ ಅದರ ಪಾಲು ಮೊದಲ ಸಲ ಶೇ. 75, ಆಮೇಲೆ 87.5, 93.8, 96.9. ಪ್ರತಿ ಪೀಳಿಗೆಯಲ್ಲಿ ಅರ್ಧ ಗಿಡಗಳು ಮಾತ್ರ ವಂಶವಾಹಿ ಹೊತ್ತಿರುತ್ತವೆ. ಒಂದಾದರೂ ಸಿಗುವ ಭರವಸೆ ಶೇ. 99 ಬೇಕೆಂದರೆ ಕನಿಷ್ಠ 7 ಗಿಡ. ಅಷ್ಟಕ್ಕೇ ತೃಪ್ತರಾದರೆ ಬೇರೆ ತೊಂದರೆ ಕಾದಿದೆ. ಬೇಕಾದ ವಂಶವಾಹಿಯ ಅಕ್ಕಪಕ್ಕದ ಕಾಡಿನ ತುಣುಕು ಅಷ್ಟು ಸುಲಭವಾಗಿ ಕಳಚುವುದಿಲ್ಲ: 100 ಸೆಂಟಿಮಾರ್ಗನ್ (ವರ್ಣತಂತುವಿನ ಮೇಲಿನ ದೂರದ ಅಳತೆ) ಉದ್ದದ ವರ್ಣತಂತುವಿನಲ್ಲಿ ಆರು ಹಿಮ್ಮುಖ ಸಂಕರಣದ ನಂತರವೂ ಸರಾಸರಿ 30ರಷ್ಟು ಅಂಟಿಕೊಂಡಿರುತ್ತದೆ. ಕಾಳು ಉದುರುವುದು, ಕಹಿ, ತಡವಾಗಿ ಮಾಗುವುದು ಹಿಂಬಾಲಿಸಿ ಬರುವುದು ಈ ತುಣುಕಿನಿಂದ. ತುಣುಕು ಎಲ್ಲಿಯವರೆಗಿದೆ ಎಂದು ತೋರಿಸುವ ಡಿಎನ್‌ಎ ಗುರುತುಗಳಿದ್ದರೆ ಮೊದಲ ಪೀಳಿಗೆಯಲ್ಲಿ ಒಂದು ಬದಿ, ಮುಂದಿನದರಲ್ಲಿ ಇನ್ನೊಂದು ಬದಿ ಕಡಿದುಹೋದ ಗಿಡ ಆರಿಸಿ. ಗುರುತು 2 ಸೆಂಟಿಮಾರ್ಗನ್ ದೂರವಿದ್ದರೆ ವಂಶವಾಹಿ ಹೊತ್ತ 150 ಗಿಡ, ಅಂದರೆ ಒಟ್ಟು 300 ಸಸಿ ನೋಡಿದರೆ ಕಡಿದದ್ದೊಂದು ಶೇ. 95ರ ಭರವಸೆಯಲ್ಲಿ ಸಿಗುತ್ತದೆ. ಒಡಿಶಾದ ನಾಟಿ ಭತ್ತದಿಂದ ಬಂದ ಎಫ್‌ಆರ್13ಎ ತಳಿಯ ಸಬ್1 ವಂಶವಾಹಿಯನ್ನು ಸ್ವರ್ಣ ತಳಿಗೆ ಸೇರಿಸಿ, ಎರಡು ವಾರದಷ್ಟು ಮುಳುಗಿದರೂ ಚೇತರಿಸುವ ಸ್ವರ್ಣ-ಸಬ್1 ಮಾಡಿದ್ದು ಈ ದಾರಿಯಲ್ಲೇ.

ಗುಣ ಸುಪ್ತವಾಗಿದ್ದು (ವಂಶವಾಹಿಯ ಎರಡು ಪ್ರತಿ ಇದ್ದರಷ್ಟೇ ಕಾಣುವಂಥದ್ದು) ಡಿಎನ್‌ಎ ಗುರುತುಗಳಿಲ್ಲದಿದ್ದರೆ ಪ್ರತಿ ಹಿಮ್ಮುಖ ಸಂಕರಣದ ಗಿಡವನ್ನೂ ಸ್ವಕೀಯವಾಗಿ ಬೆಳೆಸಿ ಸಂತತಿ ಪರೀಕ್ಷಿಸಬೇಕು, ಕಾಲ ಇಮ್ಮಡಿಯಾಗುತ್ತದೆ. ಆ ಸಂತತಿಯಲ್ಲಿ ನಾಲ್ಕರಲ್ಲೊಂದು ಗಿಡ ಗುಣ ತೋರಿಸುವುದರಿಂದ ಶೇ. 95ರ ಭರವಸೆಗೆ 11, ಶೇ. 99ಕ್ಕೆ 17 ಗಿಡ ಬೇಕು.

ದೂರದ ಸಂಕರಣದಲ್ಲಿ ಕಾಯಿ ಕಟ್ಟಿ ಬೀಜ ಜೊಳ್ಳಾಗುವುದು ಸಾಮಾನ್ಯ. ಭ್ರೂಣಕ್ಕೆ ಆಹಾರ ಕೊಡುವ ಭಾಗ ಮೊದಲು ಸಾಯುತ್ತದೆ. ಎರಡು-ಮೂರು ದಿನಕ್ಕೊಮ್ಮೆ ಒಂದು ಕಾಯಿ ಬಿಡಿಸಿ ನೋಡಿ, ಭ್ರೂಣ ಕಂದುವ ಮುನ್ನಿನ ದಿನ ಗೊತ್ತಾದ ಮೇಲೆ ಉಳಿದವನ್ನು ಆ ದಿನ ತೆಗೆದು ಕೃತಕ ಮಾಧ್ಯಮಕ್ಕೆ ಹಾಕಿ. ಸಂಕರಣ ಎರಡೂ ದಿಕ್ಕಿನಲ್ಲಿ ಮಾಡಿ ನೋಡಿ, ಒಂದು ದಿಕ್ಕಿನಲ್ಲಿ ಕಟ್ಟದ್ದು ಇನ್ನೊಂದರಲ್ಲಿ ಕಟ್ಟೀತು. ಕೋಶದ್ರವ (ಜೀವಕೋಶದಲ್ಲಿ ಕೇಂದ್ರದ ಹೊರಗಿನ ಭಾಗ) ತಾಯಿಯಿಂದ ಬರುತ್ತದೆ ಎಂಬುದನ್ನು ಮಾತ್ರ ಮರೆಯಬೇಡಿ. 1970ರಲ್ಲಿ ಅಮೆರಿಕದ ಹೈಬ್ರಿಡ್ ಮೆಕ್ಕೆಜೋಳ ಬಹುತೇಕ ಒಂದೇ ಬಗೆಯ, ಟೆಕ್ಸಾಸ್ ಎಂಬ ಕೋಶದ್ರವ ಹೊತ್ತಿತ್ತು. ಅದನ್ನೇ ಗುರಿಮಾಡುವ ಎಲೆ ಅಂಗಮಾರಿ ಬಂದು ದೇಶದ ಬೆಳೆಯ ಸುಮಾರು ಶೇ. 15 ನಾಶವಾಯಿತು. ಒಂದು ಕಾರ್ಯಕ್ರಮದ ಎಲ್ಲ ಸಂಕರಣಗಳಿಗೂ ಒಂದೇ ತಾಯಿ ಇರಕೂಡದು.

ವಂಶಾವಳಿ ಬರೆಯುವಾಗ ದಾನಿಯ ಹೆಸರಿನ ಜೊತೆ ಬ್ಯಾಂಕಿನ ಸಂಖ್ಯೆ ಮತ್ತು ಪಡೆದ ಪೊಟ್ಟಣದ ಬೀಜ ಬೆಳೆದ ವರ್ಷ ಎರಡನ್ನೂ ಹಾಕಿ. ಪರೀಕ್ಷೆಯ ಫಲಿತಾಂಶವನ್ನು, ಏನೂ ಸಿಗದಿದ್ದರೂ, ಅದೇ ಸಂಖ್ಯೆಯಡಿ ಬ್ಯಾಂಕಿಗೆ ಕಳುಹಿಸಿ; ಯಾವ 900 ಮಾದರಿಗಳಲ್ಲಿ ನಿರೋಧಕತೆ ಇಲ್ಲ ಎಂದು ತಿಳಿದರೆ ಮುಂದಿನವರು ಅಷ್ಟು ಸಾಲು ನೆಡುವುದು ತಪ್ಪುತ್ತದೆ.